ಹಾಸನದ ಬಾಡಿಗೆ ಕ್ಯಾಂಪರ್ ವ್ಯಾನ್: ಕಡಲಿಗೆ ಯಾವ ಕಾಲದಲ್ಲಿ ಒಯ್ಯಬಹುದು?

ಹಾಸನದಲ್ಲಿ ಬಾಡಿಗೆಗೆ ಸಿಗುವ ಈ ಕ್ಯಾಂಪರ್ ವ್ಯಾನನ್ನು ಚಳಿಗಾಲಕ್ಕಾದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಬೇಸಿಗೆಗೆ ಸ್ವಲ್ಪ ಯೋಚನೆ ಮಾಡಿ. ಮಳೆಗಾಲಕ್ಕೆ ಗಾಡಿಗಿಂತ ಮೊದಲು ಘಾಟಿ ವಿಚಾರಿಸಿ. ಮೂರೂ ಕಾಲದಲ್ಲಿ ಇದೇ ಗಾಡಿಯನ್ನು ಘಟ್ಟದ ಕೆಳಗೆ ಒಯ್ದಿದ್ದೇನೆ. ಊರಲ್ಲಿ ನನ್ನದು ಇನ್ವರ್ಟರ್, ಬ್ಯಾಟರಿ ಕೆಲಸ. ಹಾಗಾಗಿ ಹಾಸಿಗೆ, ಪರದೆಗಿಂತ ಮೊದಲು ನನ್ನ ಕಣ್ಣು ಹೋಗುವುದು ವೈರಿಂಗ್ ಕಡೆಗೆ.

ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ಗಾಡಿ. ನಾನು, ಹೆಂಡತಿ, ಅಮ್ಮ, ಮಗಳು ನಾಲ್ಕೂ ಜನ ಕಾಲು ಚಾಚಿ ಮಲಗುತ್ತೇವೆ. ಒಲೆ, ಸಿಂಕ್, ಪುಟ್ಟ ಫ್ರಿಜ್ ಇದೆ. ಬ್ಯಾಟರಿ 12 ವೋಲ್ಟ್, 200 ಆಂಪಿಯರ್ ಅವರ್, ಲಿಥಿಯಂ. ತುಂಬಿದಾಗ ಸುಮಾರು 2,400 ವಾಟ್ ಅವರ್, ಅಂದರೆ ಎರಡೂವರೆ ಯೂನಿಟ್ಟಿಗೆ ಸ್ವಲ್ಪ ಕಡಿಮೆ. ಫ್ಯಾನ್, ಲೈಟ್, ಫ್ರಿಜ್ ಒಂದು ದಿನ ಆರಾಮಾಗಿ ಓಡುತ್ತವೆ. ಎಸಿ ಇಲ್ಲ. ಒಂದು ಟನ್ ಎಸಿ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ಎಳೆಯುತ್ತದೆ, ರಾತ್ರಿಯಿಡೀ ಅಷ್ಟು ಕರೆಂಟ್ ಎಲ್ಲಿಂದ ಬರಬೇಕು? ಹಾಕದೇ ಬಿಟ್ಟಿದ್ದೇ ಸರಿ. ಪ್ರತಿ ಲೈನಿಗೂ ಬೇರೆ ಫ್ಯೂಸ್ ಕೊಟ್ಟಿದ್ದಾರೆ. ಕೆಲಸ ಅಚ್ಚುಕಟ್ಟು.

ಡಿಸೆಂಬರ್, ಜನವರಿಯಲ್ಲಿ ಶಿರಾಡಿ ಇಳಿದು ಉಡುಪಿ ಕಡೆಗೆ ಹೋಗಿ 66ರ ಹೆದ್ದಾರಿ ಹಿಡಿಯುತ್ತೇವೆ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ನಡುವೆ ರಸ್ತೆ. ನೋಡಲು ಅಷ್ಟು ಚೆಂದ, ಆದರೆ ಲಾರಿ ಸದ್ದಿಗೆ ನಿದ್ದೆ ಬರುವುದಿಲ್ಲ. ಇನ್ನೂ ಮುಂದೆ ಹೋಗಿ, ಕುಮಟಾದ ಬಾಡ, ಕಾಗಾಲದ ಕಡೆ ಜನ ಕಡಿಮೆ. ಮರಳಿನ ಮೇಲೆ ಗಾಡಿ ಇಳಿಸುವುದಿಲ್ಲ. ಯಾರದಾದರೂ ಮನೆ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸುತ್ತೇವೆ. ಕೇಳಿದರೆ ಬಾವಿ ನೀರೂ ಸಿಗುತ್ತದೆ. ಒಂದು ಮನೆಯ ಅಜ್ಜಿ ನಾನು ನೆರಳು ಹುಡುಕುತ್ತಿದ್ದಾಗಲೇ ಓಡಿ ಬಂದು, "ಅಲ್ಲಿ ಬ್ಯಾಡ ತಮಾ, ಕಾಯಿ ಬೀಳ್ತದೆ" ಎಂದರು. ತೆಂಗಿನ ಮರದ ಕೆಳಗೆ ಸೋಲಾರ್ ಪ್ಯಾನಲ್ ಇರುವ ಗಾಡಿ ನಿಲ್ಲಿಸಲೇಬೇಡಿ.

ಇನ್ನೊಂದು ವಿಷಯ ಗಾಳಿಯದು. ಹಗಲು ಗಾಳಿ ಸಮುದ್ರದಿಂದ ಬರುತ್ತದೆ, ರಾತ್ರಿ ನೆಲದಿಂದ ಸಮುದ್ರದ ಕಡೆಗೆ ತಿರುಗುತ್ತದೆ. ನೆಲ ಬೇಗ ತಣ್ಣಗಾಗುತ್ತದೆ, ನೀರು ನಿಧಾನ, ಅದಕ್ಕೇ. ಮಲಗುವ ಮುಂಚೆ ಪಕ್ಕದ ಬಾಗಿಲು ಪೂರ್ವಕ್ಕೆ ಬರುವಂತೆ ಗಾಡಿ ತಿರುಗಿಸಿಡಿ. ಬೆಳಗಿನ ಜಾವಕ್ಕೆ ಅಮ್ಮ ಹೊದಿಕೆ ಎಳೆದುಕೊಳ್ಳುತ್ತಾರೆ.

ಇದೇ ತಿಂಗಳುಗಳಲ್ಲಿ ಈ ಕರಾವಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು ಕಂಡರೆ ಅವುಗಳಿಗೆ ದಿಕ್ಕು ತಪ್ಪುತ್ತದೆ. ಗಾಡಿಯ ಹೊರಗೆ ಉದ್ದಕ್ಕೂ ಬಿಳಿ ಎಲ್‌ಇಡಿ ಪಟ್ಟಿ ಇದೆ. ದಯವಿಟ್ಟು ಅದನ್ನು ಆರಿಸಿ. ಆ ಸ್ವಿಚ್ ಅಡುಗೆ ಕಟ್ಟೆಯ ಕೆಳಗಿದೆ, ಸುಲಭಕ್ಕೆ ಕಾಣುವುದಿಲ್ಲ.

ಏಪ್ರಿಲ್, ಮೇ ಕಥೆಯೇ ಬೇರೆ. ಹಾಸನದ ತಂಪಿಗೆ ಒಗ್ಗಿದ ಮೈಗೆ ಅಲ್ಲಿನ ಸೆಖೆ ತಡೆಯುವುದಿಲ್ಲ. ರಾತ್ರಿಯೂ 25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಬೆವರು ಆರುವುದೇ ಇಲ್ಲ. ಬಾಗಿಲು ತೆರೆದರೆ ಗಾಳಿ ಬರುತ್ತದೆ, ಜೊತೆಗೆ ಸೊಳ್ಳೆಯೂ ಬರುತ್ತದೆ. ಯಾಕೆಂದರೆ ಹಿಂದಿನ ಬಾಗಿಲಿಗೆ ಮಾತ್ರ ಸೊಳ್ಳೆ ಪರದೆ ಇದೆ, ಪಕ್ಕದ ದೊಡ್ಡ ಬಾಗಿಲಿಗಿಲ್ಲ. ಕರಾವಳಿಗೆ ಕಳಿಸುವ ಗಾಡಿಗೆ ಇದು ದೊಡ್ಡ ಕೊರತೆ ಅಲ್ವಾ? ನಾವು ಮನೆಯಿಂದ ಪರದೆ ಒಯ್ದು ಕ್ಲಿಪ್ ಹಾಕಿ ಕಟ್ಟುತ್ತೇವೆ.

ಮಳೆಗಾಲದಲ್ಲಿ ಬಾಡಿಗೆ ಕಡಿಮೆ. ಆದರೆ ಶಿರಾಡಿಯಲ್ಲಿ ಯಾವಾಗ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಹಾಗೆಯೇ ಆಗಿತ್ತು. ಮೋಡ ಕವಿದರೆ ಸೋಲಾರ್ ಇದ್ದೂ ಇಲ್ಲದ ಹಾಗೆ. ಗಾಡಿ ಓಡುವಾಗ ಎಂಜಿನ್ ಕಡೆಯಿಂದ ಚಾರ್ಜ್ ಆಗುವ ವ್ಯವಸ್ಥೆ ಇರುವುದರಿಂದ ಬಚಾವ್. ಒಂದೇ ಕಡೆ ನಿಂತರೆ ಫ್ರಿಜ್ ಆಫ್ ಮಾಡಿ. ಕಡಲ್ಕೊರೆತದ ಕಾಲ, ಹಾಗಾಗಿ ತೀರದಿಂದ ದೂರ, ಎತ್ತರದ ಜಾಗದಲ್ಲೇ ನಿಲ್ಲಿಸಬೇಕು. ತಾಜಾ ಮೀನಿನ ಆಸೆಯೂ ಜಾಸ್ತಿ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆದರೂ ಛತ್ತಿನ ಮೇಲೆ ಮಳೆ ಹೊಡೆಯುವಾಗ ಒಳಗೆ ಕೂತು ಕಾಫಿ ಕುಡಿಯುವ ಖುಷಿ ನನಗಂತೂ ಇಷ್ಟ. ಎಲ್ಲೂ ಒಂದು ಹನಿ ಸೋರಲಿಲ್ಲ.

ಉಪ್ಪು ಗಾಳಿಯ ವಿಷಯದಲ್ಲಿ ಮಾಲೀಕರು ಇನ್ನೂ ಎಚ್ಚರವಾಗಬೇಕು. ಕಳೆದ ಸಲ ಗಾಡಿ ತೆಗೆದುಕೊಂಡಾಗ ಪಕ್ಕದ ಬಾಗಿಲು ಅರ್ಧಕ್ಕೇ ನಿಂತಿತು. ಬಗ್ಗಿ ನೋಡಿದರೆ ಕೆಳಗಿನ ಹಳಿಯಲ್ಲಿ ಮರಳು, ಗ್ರೀಸ್, ತುಕ್ಕು ಸೇರಿ ಕಂದು ಮುದ್ದೆಯಾಗಿತ್ತು. ಬ್ಯಾಟರಿ ಪೆಟ್ಟಿಗೆಯಲ್ಲಿ ವೈರ್ ತುದಿಗೆ ಹಾಕುವ ತಾಮ್ರದ ಲಗ್‌ಗಳ ಮೇಲೆ ಹಸಿರು ಕಿಲುಬು. ಬ್ರಷ್ ಹಾಕಿ ಉಜ್ಜಿ, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿದೆ. ಹತ್ತು ನಿಮಿಷದ ಕೆಲಸ. ಮಾಡದಿದ್ದರೆ ಲೂಸ್ ಆಗಿ, ಬಿಸಿಯಾಗಿ, ವೈರ್ ಸುಡುತ್ತದೆ. ಪ್ರತಿ ಸಲ ವಾಪಸ್ ಬಂದ ಮೇಲೆ ಗಾಡಿಯ ತಳವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು.

ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಬರೆದುಕೊಂಡರು. ಅಡ್ವಾನ್ಸ್ ಹಣ ವಾಪಸ್ ಮಾಡುವುದರಲ್ಲೂ ಒಂದು ರೂಪಾಯಿ ತಕರಾರಿಲ್ಲ. ಪಕ್ಕದ ಬಾಗಿಲಿಗೆ ಪರದೆ ಹಾಕಿಸಿದ ದಿನ ಫೋನ್ ಮಾಡಿ ಎಂದಿದ್ದೇನೆ. ಹಾಕಿಸಿದರೆ ಏಪ್ರಿಲ್‌ನಲ್ಲೂ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ.