ಅಡಿಕೆ ದರದಲ್ಲಿ ಒಳಒಪ್ಪಂದದ ಸಂಶಯವೇ? ದೂರು ಎಲ್ಲಿಗೆ?

ಚೀಲ ಬಿಚ್ಚಿ, ಹಿಡಿ ಅಡಿಕೆ ಕೈಗೆತ್ತಿಕೊಂಡು ನೋಡಿದ ವ್ಯಾಪಾರಿಗಳೆಲ್ಲ ವಾರವಾರವೂ ಒಂದೇ ದರ ಬರೆದರೆ ಶಿವಮೊಗ್ಗದ ಬೆಳೆಗಾರನ ಹೊಟ್ಟೆ ಉರಿಯದೆ ಇರುತ್ತದೆಯೇ?

ಜಿಲ್ಲಾ ಗ್ರಾಹಕರ ಆಯೋಗ ಊರಿನಲ್ಲೇ ಇದೆ. ಕೊಂಡ ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ತೋಟಕ್ಕೆ ಕಳಪೆ ಪಂಪ್‌ಸೆಟ್ ಕೊಂಡವರು ಅಲ್ಲಿಗೇ ಹೋಗಲಿ. ಆದರೆ ಅಡಿಕೆ ಮಾರುವವನು ಕಾನೂನಿನ ಕಣ್ಣಿನಲ್ಲಿ ಗ್ರಾಹಕನಲ್ಲ.

ಒಳಒಪ್ಪಂದಕ್ಕೆ ದೆಹಲಿಯ ಭಾರತೀಯ ಸ್ಪರ್ಧಾ ಆಯೋಗವೇ ಸರಿ. 2002ರ ಸ್ಪರ್ಧಾ ಕಾಯ್ದೆಯಡಿ ಯಾರು ಬೇಕಾದರೂ ಮಾಹಿತಿ (ದೂರಿಗೆ ಅಲ್ಲಿ ಇದೇ ಹೆಸರು) ಸಲ್ಲಿಸಬಹುದು, ದೂರಿಗೆ ಕಾರಣವಾದದ್ದು ನಡೆದ ಮೂರು ವರ್ಷದೊಳಗೆ. ಅದು ದಂಡ ಹಾಕುತ್ತದೆ, ನಿಮ್ಮ ನಷ್ಟ ತುಂಬಿಕೊಡುವುದಿಲ್ಲ. ಪರಿಹಾರಕ್ಕೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಬೇಕು. ದರ ಒಂದೇ ಇದ್ದ ಮಾತ್ರಕ್ಕೆ ಒಪ್ಪಂದ ಸಾಬೀತಾಗದು. ಒಬ್ಬರೇ ಅಲೆಯಬೇಡಿ, ಹತ್ತಾರು ಬೆಳೆಗಾರರ ಹರಾಜು ಚೀಟಿಗಳನ್ನು ತಾರೀಖಿನಂತೆ ಜೋಡಿಸಿ ಸಂಘದ ಹೆಸರಿನಲ್ಲಿ ಕೊಡಿ.