ಮಗಳ ಪುಸ್ತಕಕ್ಕಾಗಿ ನಾಲ್ಕು ಬೀಗ: ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಇ-ಪುಸ್ತಕ ಓದುವ ಮಗಳ ಕಣ್ಣಿಗೆ ದೊಡ್ಡವರ ಪುಸ್ತಕ ಬೀಳದಂತೆ ತಡೆಯಲು ನಾನು ನೋಡಿದ ನಾಲ್ಕು ವ್ಯವಸ್ಥೆಗಳಲ್ಲಿ ಗೆದ್ದದ್ದು, ನೆಂಟರೊಬ್ಬರಿಂದ ಮೂರು ಸಾವಿರಕ್ಕೆ ಕೊಂಡ ಹಳೆಯ ಕಿಂಡಲ್, ಅಂದರೆ ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ. ಉಳಿದ ಮೂರರ ಕಥೆ ಓದುವಾಗ ನನ್ನ ಈ ಒಲವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆ. ಕಕ್ಕಡ ತಿಂಗಳ ಮಳೆ ಹಿಡಿದರೆ ಶಾಲೆಗೆ ರಜೆ, ಅಂಗಳಕ್ಕಿಳಿದರೆ ಜಿಗಣೆ. ಮೂರನೆಯ ತರಗತಿಯ ಮಗಳಿಗೆ ಕಥೆ ಬೇಕು. ಹಳೆಯ ಟ್ಯಾಬ್‌ನಲ್ಲಿ ನನ್ನದೇ ಖಾತೆಯಿಂದ ಒಂದು ಇ-ಪುಸ್ತಕದ ಅಂಗಡಿ ತೆರೆದುಕೊಟ್ಟೆ. ಅಂಗಡಿಯ ಹೆಸರು ಬೇಡ. ಕೊಳ್ಳಲು ಪಿನ್ ಇಟ್ಟಿದ್ದೆ, ಆದ್ದರಿಂದ ಧೈರ್ಯವಾಗಿ ಒಲೆಯ ಮುಂದೆ ಕೂತಿದ್ದೆ. ಅರ್ಧ ಗಂಟೆಯಲ್ಲಿ ಅವಳು ಟ್ಯಾಬ್ ಹಿಡಿದು ಬಂದು, ನನ್ನ ಅಮ್ಮನ ಎದುರಿಗೇ ಕೇಳಿದಳು: “ಅಪ್ಪಾ, ಈ ರಾಜಕುಮಾರಿಗೆ ಚಳಿ ಆಗುವುದಿಲ್ಲವಾ?”

ಅವಳು ಹುಡುಕಿದ್ದು ಬರೀ ‘ಪ್ರಿನ್ಸೆಸ್’ ಎಂದು. ಮೇಲಿನ ಎರಡು ಸಾಲು ಮಕ್ಕಳ ಕಥೆ, ಮೂರನೆಯ ಸಾಲಿನಿಂದ ದೊಡ್ಡವರ ಪ್ರಣಯ ಕಾದಂಬರಿಗಳ ಮುಖಪುಟ. ಅಮ್ಮ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಅದು ಹೇಳಿದ್ದಕ್ಕಿಂತ ಹೆಚ್ಚು.

ಆ ರಾತ್ರಿ ಕೂತು ನೋಡಿದಾಗ ತಿಳಿಯಿತು. ನಾನು ಇಟ್ಟ ಪಿನ್ ಕಾಯುತ್ತಿದ್ದದ್ದು ನನ್ನ ಜೇಬನ್ನು, ಮಗಳ ಕಣ್ಣನ್ನಲ್ಲ. ಹಣ ಕೊಡುವ ಗುಂಡಿ ಒತ್ತಿದಾಗ ಮಾತ್ರ ಅದು ಎಚ್ಚರವಾಗುತ್ತದೆ. ಮುಖಪುಟ ನೋಡಲು ಹಣ ಬೇಡ. ಮೊದಲ ಅಧ್ಯಾಯದ ಮಾದರಿಗೆ ಹಣ ಬೇಡ. ಸೊನ್ನೆ ರೂಪಾಯಿಯ ಪುಸ್ತಕಗಳಿಗಂತೂ ಪಿನ್ ಕೇಳುವ ಮಾತೇ ಇಲ್ಲ, ಮತ್ತು ಮಕ್ಕಳ ಕೈಗೆ ಸಿಗಬಾರದ ಎಷ್ಟೋ ಪುಸ್ತಕಗಳು ಆ ಸೊನ್ನೆಯ ಕಪಾಟಿನಲ್ಲೇ ಇದ್ದವು. ಸಾಲದ್ದಕ್ಕೆ ಖಾತೆ ನನ್ನದು. ನಾನು ಓದುವ ಪತ್ತೇದಾರಿ ಕಾದಂಬರಿಗಳ ಗುಣಕ್ಕೆ ತಕ್ಕಂತೆ ಅಂಗಡಿ ಅವಳಿಗೂ ಶಿಫಾರಸು ಮಾಡುತ್ತಿತ್ತು.

ಪಿನ್ ಕೂಡ ದಡ್ಡತನದ್ದೇ. ಜೀಪಿನ ನಂಬರಿನ ಕೊನೆಯ ನಾಲ್ಕು ಅಂಕಿ. ಅದು ಮನೆಯ ನಾಯಿಗೂ ಗೊತ್ತು.

ಸಿನಿಮಾ ವಿಷಯದಲ್ಲಿ ನಾವು ಇಷ್ಟು ಅನಾಥರಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಗಳು ಯು, ಯು/ಎ 7+, 13+, 16+, ಎ ಎಂದು ಗುರುತು ಹಾಕಬೇಕು, 13+ ಮತ್ತು ಅದಕ್ಕೆ ಮೇಲಿನದ್ದಕ್ಕೆ ಪೋಷಕರ ಬೀಗದ ಸೌಲಭ್ಯ ಕೊಡಬೇಕು. 2024ರಲ್ಲಿ ಚಿತ್ರಮಂದಿರದ ಯುಎ ಪ್ರಮಾಣಪತ್ರವನ್ನೂ ಹೀಗೆಯೇ ವಯಸ್ಸಿನ ಮೇಲೆ ಒಡೆದರು. ಪುಸ್ತಕಕ್ಕೆ ಸಿನಿಮಾದ ಸೆನ್ಸಾರ್ ಮಂಡಳಿಯಂಥದ್ದು ಇಲ್ಲ. ಇರಲಿ ಎಂದೂ ನಾನು ಹೇಳುವುದಿಲ್ಲ, ಪುಸ್ತಕಕ್ಕೆ ಕತ್ತರಿ ಹಿಡಿದವರು ಎಲ್ಲಿ ನಿಲ್ಲಿಸುತ್ತಾರೆ ಎಂದು ಯಾರಿಗೆ ಗೊತ್ತು. ಆದರೆ ಇದು ದೊಡ್ಡವರದ್ದು ಎಂಬ ಗುರುತು ಹಾಕುವ ಕೆಲಸ ಬಹುಮಟ್ಟಿಗೆ ಮಾರುವವರ ಕೈಯಲ್ಲೇ ಇದೆ ಎಂಬುದು ನೆನಪಿರಲಿ.

ಎರಡನೆಯದು ಗೂಗಲ್ ಪ್ಲೇ, ಜೊತೆಗೆ ಫ್ಯಾಮಿಲಿ ಲಿಂಕ್. 13 ತುಂಬದ ಮಕ್ಕಳಿಗೆ ಅವರದೇ ಖಾತೆ ಮಾಡಿ, ಅದರ ಮೇಲ್ವಿಚಾರಣೆಯನ್ನು ನಮ್ಮ ಫೋನಿನಲ್ಲಿ ಇಟ್ಟುಕೊಳ್ಳಬಹುದು. ಖಾತೆ ಬೇರೆಯಾದ ಕೂಡಲೇ ನನ್ನ ಪತ್ತೇದಾರರು ತೊಲಗಿದರು, ಅದೇ ಅರ್ಧ ಗೆಲುವು. ಆ್ಯಪ್‌ಗಳಿಗೆ ವಯಸ್ಸಿನ ಮೆಟ್ಟಿಲುಗಳಿವೆ. ಪುಸ್ತಕಕ್ಕೆ ಮೆಟ್ಟಿಲಿಲ್ಲ, ಲೈಂಗಿಕ ವಿಷಯ ಬಿಚ್ಚುಬಿಚ್ಚಾಗಿ ಇರುವುದನ್ನು ತಡೆಯುವ ಒಂದೇ ಸ್ವಿಚ್. ಹಾಕಿ. ಒಪ್ಪಿಗೆ ಕೇಳುವ ಕ್ರಮದಲ್ಲಿ ‘ಹಣ ಕೊಡುವ ವಸ್ತುಗಳಿಗೆ ಮಾತ್ರ’ ಎಂಬ ಆಯ್ಕೆಯೂ ಇದೆ, ‘ಎಲ್ಲಕ್ಕೂ’ ಎಂಬುದೂ ಇದೆ. ಎರಡನೆಯದನ್ನೇ ಆರಿಸಿ, ಇಲ್ಲವಾದರೆ ಮತ್ತೆ ಸೊನ್ನೆ ರೂಪಾಯಿಯ ಕಪಾಟು ತೆರೆದಂತೆ. ಕನ್ನಡ ಪುಸ್ತಕ ಬೇಕೆನ್ನುವವರಿಗೆ ನಾಲ್ಕರಲ್ಲಿ ಇದೇ ಮೇಲು.

ಹಾಗಾದರೆ ಇದನ್ನೇ ಏಕೆ ಇಟ್ಟುಕೊಳ್ಳಲಿಲ್ಲ? ಒಪ್ಪಿಗೆಗೆ ನೆಟ್‌ವರ್ಕ್ ಬೇಕು. ಅವಳು ಮನೆಯಲ್ಲಿ ಕೇಳುತ್ತಾಳೆ, ನಾನು ತೋಟದ ಕೆಳಗಿನ ಮೂಲೆಯಲ್ಲಿ ಇರುತ್ತೇನೆ, ಅಲ್ಲಿ ಒಂದು ಕಡ್ಡಿಯೂ ಇಲ್ಲ. ಮರ ಬಿದ್ದು ಕರೆಂಟು ಹೋದರೆ, ಟವರ್‌ನ ಬ್ಯಾಟರಿ ಮುಗಿಯುವವರೆಗೆ ಮಾತ್ರ ನಮ್ಮ ಭಾಗ್ಯ. ಒಂದು ವಾರ ಅವಳ ಮನವಿಗಳೆಲ್ಲ ನನ್ನ ಫೋನಿಗೆ ರಾತ್ರಿ ಒಂಬತ್ತಕ್ಕೆ ಒಟ್ಟಿಗೆ ಬರುತ್ತಿದ್ದವು, ಅವಳು ಮಲಗಿದ ಮೇಲೆ. ಬೆಳಿಗ್ಗೆ ಅದೇ ಜಗಳ. ಇದು ಆ ವ್ಯವಸ್ಥೆಯ ತಪ್ಪಲ್ಲ, ನಮ್ಮ ಗುಡ್ಡಗಳದ್ದು. ಮಡಿಕೇರಿ ಪೇಟೆಯಲ್ಲಿ ಇರುವವರಿಗೆ ಈ ತಕರಾರು ಬಹುಶಃ ಅರ್ಥವೇ ಆಗದು.

ಮೂರನೆಯದನ್ನು ಮೈಸೂರಿನಲ್ಲಿರುವ ಅಕ್ಕನ ಐಪ್ಯಾಡ್‌ನಲ್ಲಿ ನಾಲ್ಕು ದಿನ ನೋಡಿದೆ. 2018ರಲ್ಲಿ ಬಂದ, ಸ್ಕ್ರೀನ್ ಟೈಮ್ ಎಂಬ ಆಪಲ್ ಸೌಲಭ್ಯದ ನಿರ್ಬಂಧಗಳಲ್ಲಿ ಪುಸ್ತಕಕ್ಕೂ ಹಾಡಿಗೂ ಬೇರೆ ಬೇರೆ ಸ್ವಿಚ್ ಇದೆ. ಹಾಡು ಕೇಳುವ ಮಕ್ಕಳಿದ್ದರೆ ಇದು ದೊಡ್ಡ ಅನುಕೂಲ. ಹೆಸರಿನ ಪಕ್ಕ ‘ಇ’ (ಎಕ್ಸ್‌ಪ್ಲಿಸಿಟ್, ಅಂದರೆ ಮಕ್ಕಳಿಗೆ ತಕ್ಕುದಲ್ಲ) ಎಂದು ಗುರುತಿರುವ ಹಾಡುಗಳನ್ನು ತಡೆಯಬಹುದು. ಚೆನ್ನಾಗಿದೆ. ಆದರೆ ಈ ವರ್ಷದ ಮೆಣಸು ನನಗೆ ಐಪ್ಯಾಡ್ ಕೊಡಿಸುವಷ್ಟು ಕಾಯಿ ಹಿಡಿದಿಲ್ಲ.

ಇನ್ನು ನನ್ನ ಮೂರು ಸಾವಿರದ ಕಿಂಡಲ್. ಇದರಲ್ಲಿ ಒಳ್ಳೆಯದು ಕೆಟ್ಟದ್ದನ್ನು ಸೋಸುವ ಜಾಣತನ ಬೇಕಿಲ್ಲ, ಅಂಗಡಿಯನ್ನೇ ಮುಚ್ಚಿಬಿಡಬಹುದು. ಪೋಷಕರ ನಿಯಂತ್ರಣದಲ್ಲಿ ಪಾಸ್‌ವರ್ಡ್ ಇಟ್ಟು ಸ್ಟೋರ್, ವೆಬ್ ಬ್ರೌಸರ್, ಕ್ಲೌಡ್ ಮೂರಕ್ಕೂ ಬೀಗ ಹಾಕಿದೆ. ಕ್ಲೌಡ್ ಮರೆಯಬೇಡಿ. ಅದನ್ನು ಬಿಟ್ಟರೆ ನಿಮ್ಮ ಖಾತೆಯಲ್ಲಿರುವ ನಿಮ್ಮ ಪುಸ್ತಕಗಳೆಲ್ಲ ಅವಳಿಗೆ ಕಾಣುತ್ತವೆ. ಈಗ ಅವಳಿಗೆ ಕಾಣುವುದು ನಾನು ಇಳಿಸಿಕೊಟ್ಟ ಹದಿನಾಲ್ಕು ಪುಸ್ತಕ, ಅಷ್ಟೇ. ಮುಖಪುಟಗಳ ಮೂರನೆಯ ಸಾಲು ಇಲ್ಲ, ಮಾದರಿ ಅಧ್ಯಾಯ ಇಲ್ಲ, ‘ಇದನ್ನು ಓದಿದವರು’ ಎಂಬ ಚಾಡಿ ಇಲ್ಲ. ಕರೆಂಟು ಮೂರು ದಿನ ಇಲ್ಲದಿದ್ದರೂ ಓದು ನಿಲ್ಲುವುದಿಲ್ಲ.

ಕೊರತೆ ಬೇಕಾದಷ್ಟಿದೆ. ಹಾಡಿಲ್ಲ, ಬಣ್ಣವಿಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಪಟ್ಟಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡ ಕಥೆಗಳನ್ನು ಪಿಡಿಎಫ್ ಮಾಡಿ ಕಳಿಸುತ್ತೇನೆ, ಅಕ್ಷರ ಇರುವೆಯಷ್ಟಾಗುತ್ತದೆ. ಪಾಸ್‌ವರ್ಡ್ ಮರೆತರೆ ಸಾಧನವನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ಈ ಸಲ ಜೀಪಿನ ನಂಬರ್ ಇಟ್ಟಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಪುಸ್ತಕವನ್ನೂ ನಾನೇ ನೋಡಿ ತರಬೇಕು. ನನಗೆ ಮಳೆಗಾಲದ ಸಂಜೆಗಳಲ್ಲಿ ಬಿಡುವಿದೆ, ಮಗು ಒಂದೇ. ಕೊಯ್ಲಿನ ದಿನಗಳಲ್ಲಿ ಏನಾಗುತ್ತದೋ ನೋಡಬೇಕು. ಮಕ್ಕಳು ಮೂವರಿದ್ದು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ನಾನು ಫ್ಯಾಮಿಲಿ ಲಿಂಕ್ ಎಂದೇ ಹೇಳುತ್ತಿದ್ದೆ.

ಬೇಕಾದ ಪುಸ್ತಕಗಳನ್ನು ಅವಳು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಾಳೆ. ಕಳೆದ ವಾರ ಆನೆ ಬಂದು ಬಾಳೆ ಮುರಿದುಹೋದ ಮರುದಿನ ‘ಆನೆಮರಿಯ ಪುಸ್ತಕ, ಬೇಗ’ ಎಂದು ಸೇರಿದೆ. ಎರಡು ದಿನದಿಂದ ಟವರ್ ಇಲ್ಲ. ಮಳೆ ಬಿಟ್ಟರೆ ನಾಪೋಕ್ಲಿಗೆ ಹೋಗಿ ಇಳಿಸಿಕೊಂಡು ಬರಬೇಕು.