ಪೊಟ್ಟಣದ ಎರೆಪುಡಿ: ಮೂರು ಭಾನುವಾರ ಬಳಸಿ ನೋಡಿದ ಮೇಲೆ

ಪುಣೆಯ ಪೇಟೆ ಭಾಗದಲ್ಲಿ ಗಾಳದ ಸಾಮಾನು ಮಾರುವ ಒಂದು ಅಂಗಡಿಯಿಂದ ಕಳೆದ ತಿಂಗಳು ಮೀನಿನ ಗಾಳಕ್ಕೆ ಕಟ್ಟುವ 500 ಗ್ರಾಂ ತೂಕದ ಸಿದ್ಧ ಎರೆಪುಡಿಯ ಪೊಟ್ಟಣವೊಂದನ್ನು 240 ರೂಪಾಯಿ ಕೊಟ್ಟು ತಂದೆ. ಇಲ್ಲಿಯವರು ಇದನ್ನು ಚಾರಾ ಎನ್ನುತ್ತಾರೆ. ಹದಿನೈದು ವರ್ಷಗಳಿಂದ ಮನೆಯ ಹಿಟ್ಟಿನಲ್ಲೇ ಎರೆ ಮಾಡಿಕೊಂಡು ಬಂದ ನನಗೆ ಇದರ ಅಗತ್ಯವೇನೂ ಇರಲಿಲ್ಲ. ಆದರೆ ನೀರು ಹಾಕಿ ಕಲಸಿದರೆ ಸಾಕು, ಎಲ್ಲ ಜಾತಿಯ ಮೀನೂ ಕಚ್ಚುತ್ತದೆ ಎಂದು ಅಂಗಡಿಯವರು ಹೇಳಿದ ಧಾಟಿಗೆ ಮನಸ್ಸು ಸೋತಿತು. ಆಮೇಲೆ ಮೂರು ಭಾನುವಾರ, ಪುಣೆಯಿಂದ ಸುಮಾರು 100 ಕಿಲೋಮೀಟರ್ ದೂರದ ಭಿಗವಣದ ಬಳಿ, ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರಿನಲ್ಲಿ ಒಂದು ಗಾಳಕ್ಕೆ ಈ ಪೊಟ್ಟಣದ ಎರೆಯನ್ನೂ ಇನ್ನೊಂದಕ್ಕೆ ಮನೆಯ ಎರೆಯನ್ನೂ ಕಟ್ಟಿ ಕುಳಿತು ನೋಡಿದ್ದೇನೆ. ದಡದ ಮೀನುಗಾರರನ್ನು ಕೇಳಿಕೊಂಡೇ ಕೂರುವುದು ನನ್ನ ರೂಢಿ. ಭೀಮೆ ಮುಂದೆ ನಮ್ಮ ವಿಜಯಪುರ, ಕಲಬುರಗಿಗಳ ಕಡೆಗೇ ಹರಿಯುವ ಹೊಳೆ ಎಂಬ ಸಣ್ಣದೊಂದು ಸಮಾಧಾನವೂ ಆ ದಡದಲ್ಲಿ ನನಗುಂಟು.

ಮೊದಲು ಪೊಟ್ಟಣದ ಮಾತು. ಒಳಗಿರುವುದು ನಸುಗೆಂಪು ಬಣ್ಣದ ನುಣುಪಾದ ಪುಡಿ. ಬಿಚ್ಚಿದ ಕೂಡಲೇ ಐಸ್‌ಕ್ರೀಮಿನ ಸ್ಟ್ರಾಬೆರಿಯಂಥ ವಾಸನೆ ಅಡುಗೆಮನೆಯ ತುಂಬ ಹರಡುತ್ತದೆ. ಅದರಲ್ಲಿ ಏನೇನಿದೆ ಎಂದು ಬರೆದಿಲ್ಲ, ತಯಾರಾದ ತಿಂಗಳನ್ನೂ ಮುದ್ರಿಸಿಲ್ಲ, ಎಷ್ಟು ಪುಡಿಗೆ ಎಷ್ಟು ನೀರು ಎಂಬ ಅಳತೆಯೂ ಇಲ್ಲ. ನಾಲಿಗೆಗೆ ತಾಗಿಸಿ ನೋಡಿದಾಗ ಕಡಲೆಹಿಟ್ಟು ಮತ್ತು ಮೆಕ್ಕೆಜೋಳದ ಹಿಟ್ಟಿನ ರುಚಿ ಸ್ಪಷ್ಟವಾಗಿತ್ತು, ಸಕ್ಕರೆಯೂ ಇತ್ತು. ಕಲಸಿದ ಕೈಗೆ ಅಂಟಿದ ಬಣ್ಣ ಸಂಜೆಯವರೆಗೆ ಹೋಗಲಿಲ್ಲ.

ತಣ್ಣೀರಿನಲ್ಲಿ ಕಲಸಿದಾಗ ಇದರ ದೊಡ್ಡ ದೋಷ ಗೊತ್ತಾಯಿತು. ಉಂಡೆ ಕಟ್ಟಲು ಬರುತ್ತದೆ, ಆದರೆ ಕೊಕ್ಕೆಯ ಮೇಲೆ ನಿಲ್ಲುವುದಿಲ್ಲ. ಹೊಳೆಗೆ ಹೋಗುವ ಮುನ್ನ ಯಾವ ಎರೆಯನ್ನಾದರೂ ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು ಗಡಿಯಾರ ನೋಡುವುದು ನನ್ನ ಹಳೆಯ ಅಭ್ಯಾಸ. ಪೊಟ್ಟಣದ ಎರೆ ಏಳನೆಯ ನಿಮಿಷಕ್ಕೆ ಕರಗಿ ಕೊಕ್ಕೆ ಬೋಳಾಯಿತು. ಮನೆಯದು ನಲವತ್ತು ನಿಮಿಷದ ನಂತರವೂ ಅಂಟಿಕೊಂಡೇ ಇತ್ತು. ಇದರಲ್ಲಿ ಮಾಯವೇನೂ ಇಲ್ಲ. ಗೋಧಿಹಿಟ್ಟನ್ನು ನೀರು ಹಾಕಿ ನಾದಿದಾಗ ಅದರಲ್ಲಿರುವ ಪ್ರೋಟೀನು ಗ್ಲುಟೆನ್ ಎಂಬ ಎಳೆಯೆಳೆಯಾದ ಜಾಲವಾಗುತ್ತದೆ, ಆ ಜಾಲವೇ ಹಿಟ್ಟನ್ನು ಹಿಡಿದಿಡುತ್ತದೆ. ಕಡಲೆಗಾಗಲಿ ಮೆಕ್ಕೆಜೋಳಕ್ಕಾಗಲಿ ಆ ಗುಣವಿಲ್ಲ. ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟುವಾಗಲೇ ಸೀಳುತ್ತದೆ, ಎಸರು ಹಾಕಿದರೆ ಮಾತ್ರ ಜಿಗುಟು ಬರುತ್ತದೆ.

ಎಸರಿನ ನೆನಪಾದದ್ದರಿಂದ ಎರಡನೆಯ ಭಾನುವಾರ ಪೊಟ್ಟಣದ ಪುಡಿಗೂ ಕುದಿಯುವ ನೀರು ಹೊಯ್ದು, ಮುಚ್ಚಿಟ್ಟು, ಬೆಚ್ಚಗಿರುವಾಗಲೇ ನಾದಿದೆ. ಬಕೆಟ್ಟಿನಲ್ಲಿ ಅದು ಇಪ್ಪತ್ತು ನಿಮಿಷದಷ್ಟು ನಿಂತಿತು. ಆದರೆ ಬಿಸಿನೀರಿಗೆ ಆ ಸ್ಟ್ರಾಬೆರಿ ವಾಸನೆಯ ಬಹುಪಾಲು ಹಾರಿಹೋಯಿತು, ಮತ್ತು ನಾವು ಹಣ ಕೊಟ್ಟಿರುವುದು ಮುಖ್ಯವಾಗಿ ಆ ವಾಸನೆಗೇ.

ಮನೆಯ ಎರೆಯ ಪಾಕ ಹೀಗಿದೆ. ಗೋಧಿಹಿಟ್ಟು ಎರಡು ಬಟ್ಟಲು, ಮೈದಾ ಒಂದು ಹಿಡಿ, ಜರಡಿ ಹಿಡಿದ ಶೇಂಗಾ ಹಿಂಡಿ ಅರ್ಧ ಬಟ್ಟಲು, ಪುಟಾಣಿ (ಹುರಿಗಡಲೆ) ಹಿಟ್ಟು ಎರಡು ಚಮಚ. ಇದನ್ನು ಬೆಲ್ಲದ ನೀರಿನಲ್ಲಿ, ಚಿಟಿಕೆ ಇಂಗು ಸೇರಿಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ಹಿಂಡಿಯನ್ನು ಇಲ್ಲಿ ಪೇಂಡ್ ಎನ್ನುತ್ತಾರೆ. ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುವ ಅಂಗಡಿಗಳು ಪುಣೆಯಲ್ಲಿ ಈಗ ಬೇಕಾದಷ್ಟಿರುವುದರಿಂದ ಅದು ಸಿಗುವುದು ಕಷ್ಟವಲ್ಲ. ನಾದಿದ ಹಿಟ್ಟನ್ನು ಅರ್ಧ ಗಂಟೆ ಬಿಟ್ಟು, ನಿಂಬೆಗಾತ್ರದ ಉಂಡೆಗಳನ್ನಾಗಿ ಮಾಡಿ, ಹಬೆಯಲ್ಲಿ ಐದಾರು ನಿಮಿಷ ಇಟ್ಟು, ಆರಿದ ಮೇಲೆ ನಾಲ್ಕು ಹನಿ ಶೇಂಗಾ ಎಣ್ಣೆ ಹಚ್ಚಿ ಮತ್ತೊಮ್ಮೆ ನಾದಿದರೆ ಹದ ಬರುತ್ತದೆ. ಹರಿವು ಹೆಚ್ಚಿರುವ ಕಡೆ ಹಿಟ್ಟಿನಲ್ಲಿ ಸ್ವಲ್ಪ ಅರಳೆಯನ್ನು ಎಳೆಎಳೆಯಾಗಿ ಬೆರೆಸಬಹುದು. ಹಬೆಗೆಂದು ಇಡ್ಲಿ ಪಾತ್ರೆಯನ್ನು ಕೇಳಿದಾಗ ಮನೆಯಾಕೆ, "ಮೀನಿನ ಕಡುಬು ಮಾಡೂದಾದ್ರ ಬ್ಯಾರೆ ಪಾತ್ರಿ ತರ್ರಿ" ಎಂದದ್ದರಿಂದ ನಾನು ಹಳೆಯ ಕುಕ್ಕರನ್ನು ಬಳಸುತ್ತೇನೆ. ಒಟ್ಟು ಖರ್ಚು 40 ರೂಪಾಯಿ ದಾಟುವುದಿಲ್ಲ.

ಗಟ್ಟಿತನ ಹೆಚ್ಚಾದಷ್ಟೂ ಒಳ್ಳೆಯದು ಎಂದೇನೂ ಅಲ್ಲ. ಗೆಂಡೆಯ ಕುಲದ, ಎಂದರೆ ರೋಹು, ಕಟ್ಲಾ, ಮೃಗಾಲ್‌ಗಳಂಥ ಮೀನುಗಳಿಗೆ ದವಡೆಯಲ್ಲಿ ಹಲ್ಲಿಲ್ಲ, ಇರುವುದು ಗಂಟಲಿನಲ್ಲಿ. ಅವು ಆಹಾರವನ್ನು ಕಚ್ಚುವ ಬದಲು ಹೀರಿಕೊಳ್ಳುತ್ತವೆ, ಒಗ್ಗದಿದ್ದರೆ ಊದಿ ಹೊರಹಾಕುತ್ತವೆ. ಹೀಗಾಗಿ ಎರೆ ಹೀರಲು ಬರುವಷ್ಟು ಮೆತ್ತಗಿರಬೇಕು, ಕೊಕ್ಕೆಯ ತುದಿ ಅದನ್ನು ಸೀಳಿ ಹೊರಬರುವಂತಿರಬೇಕು. ಮೊದಲ ಭಾನುವಾರ ನಾನು ಮೈದಾ ಜಾಸ್ತಿ ಹಾಕಿ ರಬ್ಬರಿನಂಥ ಎರೆ ಮಾಡಿಕೊಂಡು ಹೋಗಿ ದಾರಕ್ಕೆ ಕಟ್ಟಿದ ಬೆಂಡು ಎರಡು ಬಾರಿ ಮುಳುಗಿದರೂ ಮೀನಿಲ್ಲದೆ ಗಾಳ ಎಳೆದದ್ದು ನನ್ನದೇ ತಪ್ಪು.

ಇನ್ನು ದಡದ ಅನುಭವ. ತಳದಲ್ಲಿ ಕೆದಕಿ ತಿನ್ನುವ ಸಾಮಾನ್ಯ ಗೆಂಡೆ ಮತ್ತು ಮೃಗಾಲ್‌ಗೆ ಪೊಟ್ಟಣದ ಎರೆ ಪ್ರಯೋಜನಕ್ಕೆ ಬರಲಿಲ್ಲ. ಅವು ಮೀಸೆಯಿಂದ ತಡಕಾಡಿ ಬರುವಷ್ಟರಲ್ಲಿ ಕೊಕ್ಕೆಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಉಳಿದದ್ದನ್ನು ಚಿಲಾಪಿಯ ಮರಿಗಳು ಕಿತ್ತು ಮುಗಿಸುತ್ತಿದ್ದವು. ನಮ್ಮ ಕಡೆ ಜಿಲೇಬಿ ಮೀನು ಎನ್ನುವ ಈ ತಿಲಾಪಿಯಾ ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ಬಂದದ್ದು. ಗಾಳ ಹಾಕುವವರ ತಾಳ್ಮೆಗೆ ಅದರಷ್ಟು ಕೆಟ್ಟ ಪರೀಕ್ಷೆ ಬೇರೆ ಇಲ್ಲ. ಮೂರು ದಿನಗಳಲ್ಲಿ ಮನೆಯ ಎರೆಗೆ ನಾಲ್ಕು ಗೆಂಡೆ ಮತ್ತು ಒಂದು ರೋಹು ಬಿದ್ದವು. ಪೊಟ್ಟಣದ್ದಕ್ಕೆ ಬಿದ್ದದ್ದು ಒಂದೇ ಮೀನು, ಆದರೆ ಅದು ಮೂರು ಕಿಲೋ ತೂಗಿದ ಕಟ್ಲಾ.

ಆ ಕಟ್ಲಾವನ್ನು ಆಕಸ್ಮಿಕ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಟ್ಲಾಕ್ಕೆ ಮೀಸೆಯಿಲ್ಲ, ಮೇಲ್ಮುಖವಾದ ದೊಡ್ಡ ಬಾಯಿಯಿಂದ ನೀರಿನ ಮೇಲುಪದರದ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು ಅದು. ಕರಗಿ ಮೋಡದಂತೆ ಹರಡುವ ನುಣ್ಣನೆಯ ಪುಡಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಮೂರನೆಯ ಭಾನುವಾರ ನಾನು ಆಳವನ್ನು ಕಡಿಮೆ ಮಾಡಿ, ಕೊಕ್ಕೆಗೆ ಮನೆಯ ಎರೆಯನ್ನು ಕಡಲೆಕಾಳಿನಷ್ಟು ಚುಚ್ಚಿ, ಅದರ ಮೇಲೆ ಪೊಟ್ಟಣದ ಪುಡಿಯನ್ನು ಸಡಿಲವಾಗಿ ಮೆತ್ತಿ ಬಿಟ್ಟಿದ್ದೆ. ಕಟ್ಲಾ ಬಿದ್ದದ್ದು ಆಗಲೇ. ತಯಾರಕರು ಎಲ್ಲ ಮೀನಿಗೂ ಎಂದು ಮುದ್ರಿಸುವ ಬದಲು ಮೇಲುಪದರದ ಮೀನಿಗೆ ಎಂದು ಬರೆದು, ಸಡಿಲವಾಗಿ ಕಲಸುವ ಅಳತೆಯನ್ನು ಕೊಟ್ಟಿದ್ದರೆ ನನ್ನ ದೂರಿನ ಅರ್ಧ ಭಾಗ ಇರುತ್ತಿರಲಿಲ್ಲ.

ಹೀಗಾಗಿ ತಳದ ಮೀನಿಗೆ ಗಾಳ ಹಾಕುವವರು ಈ ಪೊಟ್ಟಣವನ್ನು ಕೊಳ್ಳಬೇಕಾಗಿಲ್ಲ. ಹೊಸಬರಂತೂ ಬೋಳು ಕೊಕ್ಕೆಯನ್ನು ನೀರಿನಲ್ಲಿ ಬಿಟ್ಟುಕೊಂಡು ಗಂಟೆಗಟ್ಟಲೆ ಕೂರುವ ಅಪಾಯವಿದೆ. ಕಟ್ಲಾಕ್ಕಾಗಿಯೇ ಕೂರುವವರು ಮೇಲ್ಲೇಪಕ್ಕೆಂದು ಇಟ್ಟುಕೊಳ್ಳಬಹುದು, ಆದರೂ 240 ರೂಪಾಯಿ ಹೆಚ್ಚೇ. ಹಿಂಡಿಯನ್ನು ನುಣ್ಣಗೆ ಪುಡಿಮಾಡಿ ಪುಟಾಣಿ ಹಿಟ್ಟಿನೊಂದಿಗೆ ಬೆರೆಸಿದರೂ ಅಂಥದೇ ಮೋಡ ಏಳುತ್ತದೆ ಎಂಬುದನ್ನು ಬಕೆಟ್ಟಿನಲ್ಲಿ ನೋಡಿದ್ದೇನೆ, ಹೊಳೆಯಲ್ಲಿ ಇನ್ನೂ ನೋಡಬೇಕು. ಉಳಿದ ಪುಡಿ ಅಡುಗೆಮನೆಯ ಮೇಲಿನ ಕಪಾಟಿನ ಡಬ್ಬಿಯಲ್ಲಿದೆ. ಅದರ ಬಣ್ಣ, ವಾಸನೆಗಳಿಗೆ ಮಕ್ಕಳು ಮೋಸಹೋಗಿ ಹಾಲಿಗೆ ಬೆರೆಸಿಕೊಂಡಾರು ಎಂದು ಮನೆಯಾಕೆ ಡಬ್ಬಿಯ ಮೇಲೆ "ಇದು ಮೀನಿಂದು" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ.